ಶಾಯಿ ಎತ್ತುವ ಸ್ಪ್ಯಾಚುಲಾ: ಭಾನುವಾರದೊಳಗೆ ತಿಳಿಸಿ

ಎಲ್ಲರಿಗೂ ನಮಸ್ಕಾರ.

ಸೋಮವಾರ ಹೊಸ ಸ್ಪ್ಯಾಚುಲಾ, ಸ್ಕ್ರೇಪರ್ ತರಲು ಹೋಗುತ್ತಿದ್ದೇನೆ. ಟೀ ಶರ್ಟ್ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಸ್ಕ್ರೀನ್ ಮುಟ್ಟುವ ಎಲ್ಲರೂ ಒಮ್ಮೆ ಓದಿ.

ಮೊನ್ನೆ ನನ್ನ ಕೈಯಲ್ಲೇ ಒಂದು ಫ್ರೇಮ್ ಹಾಳಾಯಿತು. ಗೋಡೆಗೆ ಪುಟ್ಟಿ ಹಚ್ಚುವ ಬ್ಲೇಡ್‌ನಲ್ಲಿ ಶಾಯಿ ಬಳಿಯುವಾಗ ಅದರ ಚೂಪು ಮೂಲೆ ಮೆಶ್‌ಗೆ (ಫ್ರೇಮ್‌ಗೆ ಬಿಗಿದ ಸಣ್ಣ ಕಣ್ಣಿನ ಬಲೆಬಟ್ಟೆಗೆ) ತಾಗಿ ಸಾಸಿವೆ ಕಾಳಿನಷ್ಟು ತೂತಾಯಿತು. ಹನ್ನೆರಡು ಟೀ ಶರ್ಟ್ ಮೇಲೆ ಒಂದೇ ಜಾಗದಲ್ಲಿ ಕಪ್ಪು ಚುಕ್ಕಿ ಬಿದ್ದ ಮೇಲೆ ಗೊತ್ತಾಗಿದ್ದು. ತುಂಬಾ ಬೇಜಾರಾಯಿತು.

ಇನ್ನು ಮುಂದೆ ಸ್ಕ್ರೀನ್ ಮೇಲೆ ಪ್ಲಾಸ್ಟಿಕ್ ಮಾತ್ರ. ಮೂಲೆ ದುಂಡಗಿರಲಿ, ಅಂಚು ಸ್ವಲ್ಪ ಬಾಗುವಂತಿರಲಿ. ಬಳಸುವ ಮುಂಚೆ ಅಂಚಿನ ಮೇಲೆ ಉಗುರು ಸವರಿ ನೋಡಿ. ಎಲ್ಲಾದರೂ ಸಿಕ್ಕಿಕೊಂಡರೆ ಆ ಸ್ಪ್ಯಾಚುಲಾ ಬೇಡ. ಡಬ್ಬದಲ್ಲಿ ಕಲಸಲು ಉದ್ದ ಹಿಡಿಯ ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದು. ಬಿಳಿ ಪ್ಲಾಸ್ಟಿಸಾಲ್ (ನೀರಿಲ್ಲದ ಪ್ಲಾಸ್ಟಿಕ್ ಶಾಯಿ) ಜಾಸ್ತಿ ಮಂದ, ತೆಳು ಪ್ಲಾಸ್ಟಿಕ್ ಬಾಗಿಬಿಡುತ್ತದೆ. ಕಬ್ಬಿಣ ಬೇಡ, ನೀರಿನ ಶಾಯಿಯಲ್ಲಿ ತುಕ್ಕು ಹಿಡಿಯುತ್ತದೆ. ಮರದ ಕಡ್ಡಿ ಒಮ್ಮೆ ಬಳಸಿ ಎಸೆಯಲು ಸರಿ. ಮರ ಬಣ್ಣ ಕುಡಿದು ಮುಂದಿನ ಬಣ್ಣಕ್ಕೆ ಬಿಡುತ್ತದೆ, ಅಲ್ವಾ?

ಬಿಳಿಗೆ ಬೇರೆಯೇ ಒಂದು ಇಡೋಣ. ಅದರ ಹಿಡಿಗೆ ಬಿಳಿ ಟೇಪ್ ಸುತ್ತುತ್ತೇನೆ.

ನೀರಿನ ಶಾಯಿಯಾದರೆ ಕೂಡಲೇ ತೊಳೆಯಿರಿ. ಪ್ಲಾಸ್ಟಿಸಾಲ್ ಸುಮಾರು 160 ಡಿಗ್ರಿ ಬಿಸಿಯಿಲ್ಲದೆ ಗಟ್ಟಿಯಾಗುವುದಿಲ್ಲ. ಉಳಿದದ್ದನ್ನು ಕೆರೆದು ಡಬ್ಬಕ್ಕೇ ಹಾಕಿ, ಸ್ಪ್ಯಾಚುಲಾವನ್ನು ಬಟ್ಟೆಯಲ್ಲಿ ಒರೆಸಿ. ದಯವಿಟ್ಟು ಸಿಂಕ್‌ಗೆ ಬಿಡಬೇಡಿ.

ನಿಮ್ಮ ಡಬ್ಬದ ಬಾಯಿ ಎಷ್ಟು ಅಗಲ, ಯಾವುದು ಎಷ್ಟು ಬೇಕು ಅಂತ ಭಾನುವಾರ ಸಂಜೆ 6ರೊಳಗೆ ಇಲ್ಲೇ ಬರೆಯಿರಿ.