ಐದು ವರ್ಷಗಳ ಆನ್‌ಲೈನ್ ಆರಾಧನೆ: ಸಲ್ಲಬೇಕಾದವರಿಗೆ ನಮ್ಮ ಕೃತಜ್ಞತೆ

2025ರ ಏಪ್ರಿಲ್ 20ರಂದು ಈಸ್ಟರ್ ಆರಾಧನೆ ಮುಗಿದಾಗ, ಗದಗ-ಬೆಟಗೇರಿಯ ನಮ್ಮ ಸಭೆಯ ಆರಾಧನೆ ಅಂತರ್ಜಾಲದ ಮೂಲಕ ಮನೆಗಳನ್ನು ತಲುಪತೊಡಗಿ ಐದು ವರ್ಷ ತುಂಬಿತ್ತು. ಸಭಾ ಸಮಿತಿಯ ಕಾರ್ಯದರ್ಶಿಯಾಗಿ ಇದನ್ನು ಮೊದಲ ದಿನದಿಂದ ಕಂಡವಳು ನಾನು. ಈ ಕೆಲಸಕ್ಕೆ ಹೆಗಲು ಕೊಟ್ಟವರನ್ನು ಬಹಿರಂಗವಾಗಿ ನೆನೆಯದಿದ್ದರೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ.

ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದಂದಿನಿಂದ ಈ ಊರಿನ ಕ್ರೈಸ್ತರಿಗೆ ಆರಾಧನೆಯೆಂದರೆ ಕೂಡಿ ಹಾಡುವುದು. ಜರ್ಮನ್ ರಾಗಗಳಿಗೆ ಹೊಂದಿಸಿದ ಕನ್ನಡ ಗೀತೆಗಳನ್ನು ನಾವು ಅಜ್ಜ-ಅಜ್ಜಿಯರ ಪಕ್ಕದಲ್ಲಿ ನಿಂತು ಕಲಿತವರು. 2020ರ ಮಾರ್ಚ್ 25ರಂದು ಲಾಕ್‌ಡೌನ್ ಬಂದಾಗ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾದ ಲೆಂಟ್ ಕಾಲ ನಡೆದಿತ್ತು. ಮುಂದಿನ ರವಿವಾರ ವಿಡಿಯೊ ಕರೆಯಲ್ಲಿ ಸೇರಿದ ನಾವು ಮೊದಲ ಗೀತೆಯಲ್ಲೇ ಸೋತೆವು. ಒಬ್ಬರ ದನಿ ಇನ್ನೊಬ್ಬರನ್ನು ಮುಟ್ಟುವಷ್ಟರಲ್ಲಿ ತುಸು ತಡವಾಗುವುದರಿಂದ, ಒಂದು ಮನೆಯವರು ಪಲ್ಲವಿ ಮುಗಿಸಿದಾಗ ಇನ್ನೊಂದು ಮನೆಯವರು ಅದರ ನಡುವೆಯೇ ಇದ್ದರು. ಕೊನೆಗೆ ಎಲ್ಲರ ಮೈಕ್ ಮುಚ್ಚಿಸಿ ಒಬ್ಬರೇ ಹಾಡಬೇಕಾಯಿತು. ಅಂದು ನನಗೆ ಅಳು ಬಂದದ್ದು ನಿಜ.

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ರವಿವಾರದ ಹೊತ್ತಿಗೆ ದಾರಿ ಹುಡುಕಿದವರು ಯುವಜನ ಸಂಘದ ನಾಲ್ವರು. ಮೊಬೈಲಿನಿಂದ ಯೂಟ್ಯೂಬ್ ನೇರ ಪ್ರಸಾರ ಮಾಡಲು ಆಗ 1,000 ಚಂದಾದಾರರು ಇರಬೇಕೆಂಬ ನಿಯಮವಿತ್ತು. ಲ್ಯಾಪ್‌ಟಾಪಿಗೆ ಆ ಕಟ್ಟಳೆ ಇಲ್ಲವೆಂದು ತಿಳಿದುಕೊಂಡು, ತಮ್ಮದೇ ಹಳೆಯ ಯಂತ್ರವನ್ನು ಒದಗಿಸಿ, ಗೀತೆಯ ಸಾಲುಗಳು ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಕಾಣುವಂತೆ ರಾತ್ರಿಯಿಡೀ ಕುಳಿತು ಟೈಪ್ ಮಾಡಿದವರು ಅವರೇ. ಅವರಿಗೆ ಮೊದಲ ವಂದನೆ.

ಎರಡನೆಯದು ನಮ್ಮ ಸಭಾಪಾಲಕರಿಗೆ. ತುಂಬಿದ ಸಭೆಯೆದುರು ಪ್ರಸಂಗ ಮಾಡಿ ರೂಢಿಯಾದವರಿಗೆ ಕ್ಯಾಮೆರಾದ ಒಂದು ಕಣ್ಣನ್ನು ನೋಡಿ ಮಾತನಾಡುವುದು ಎಷ್ಟು ಕಷ್ಟವೆಂಬುದನ್ನು ನಾನು ಕಣ್ಣಾರೆ ಕಂಡೆ. ಆವರಣದಲ್ಲೇ ವಾಸವಿರುವ ಕಾವಲುಗಾರರ ಮಡದಿಯನ್ನು ಲ್ಯಾಪ್‌ಟಾಪಿನ ಹಿಂದೆ ದೂರದಲ್ಲಿ ಕುಳ್ಳಿರಿಸಿಕೊಂಡು, ಅವರಿಗೊಬ್ಬರಿಗೇ ಹೇಳುವಂತೆ ಹೇಳತೊಡಗಿದ ಮೇಲೆ ಮಾತು ಸಹಜವಾಯಿತು. ಒಂದೂವರೆ ಗಂಟೆಯ ಆರಾಧನೆ 50 ನಿಮಿಷಕ್ಕೆ ಇಳಿಯಿತು. ಯೇಸುವಿನ ನೆನಪಿಗಾಗಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನವನ್ನು ಮಾತ್ರ ಪರದೆಯ ಮೂಲಕ ನಡೆಸುವುದಿಲ್ಲವೆಂದು ಅವರು ಗಟ್ಟಿಯಾಗಿ ಹೇಳಿದಾಗ ನಾನು ವಿರೋಧಿಸಿದ್ದೆ. ಮುಂದೆ ಓಡಾಟ ಸಲೀಸಾದ ಮೇಲೆ ಅವರು ರೊಟ್ಟಿ ಮತ್ತು ಪಾತ್ರೆಯೊಂದಿಗೆ ಹಾಸಿಗೆ ಹಿಡಿದವರ ಮನೆಮನೆಗೆ ಹೋದದ್ದನ್ನು ನೋಡಿ, ಅವರ ನಿರ್ಧಾರವೇ ಸರಿಯಾಗಿತ್ತೆಂದು ಒಪ್ಪಿಕೊಂಡೆ.

2020ರ ಜೂನ್ 8ರಿಂದ ದೇವಾಲಯಗಳನ್ನು ತೆರೆಯಲು ಅನುಮತಿ ದೊರೆತಾಗ, ಪ್ರಸಾರ ಇನ್ನೇಕೆ ಎಂದು ಕೇಳಿದವರೂ ಇದ್ದರು. ಅದು ನಿಲ್ಲದಿರಲು ಕಾರಣ ಎಂಟು ವರ್ಷಗಳಿಂದ ಮನೆ ಬಿಟ್ಟು ಹೊರಬರಲಾಗದ ನಮ್ಮ ಸಭೆಯ ಒಬ್ಬ ಅಜ್ಜಿ. ಲಾಕ್‌ಡೌನಿಗಿಂತ ಎಷ್ಟೋ ಮೊದಲೇ ಅವರ ಪಾಲಿಗೆ ಚರ್ಚಿನ ಬಾಗಿಲು ಮುಚ್ಚಿತ್ತು, ನಾವು ಅದನ್ನು ಗಮನಿಸಿರಲಿಲ್ಲ. ಈ ಮಾತನ್ನು ಬರೆಯುವಾಗಲೂ ನನಗೆ ನೋವಾಗುತ್ತದೆ.

ದೇವಾಲಯದೊಳಗಿನಿಂದ ಪ್ರಸಾರ ಆರಂಭವಾದಾಗ ಮಾರ್ದನಿಯ ಕಾಟ ತಪ್ಪಿಸಲು ಧ್ವನಿಯನ್ನು, ಮೈಕುಗಳ ದನಿ ಕೂಡಿಸುವ ಮಿಕ್ಸರಿನಿಂದ ನೇರವಾಗಿ ವೈರಿನಲ್ಲಿ ಲ್ಯಾಪ್‌ಟಾಪಿಗೆ ಕೊಟ್ಟೆವು. ಪ್ರಸಂಗ ಸ್ಪಷ್ಟವಾಗಿ ಕೇಳುತ್ತಿತ್ತು, ಎಲ್ಲರೂ ಮೆಚ್ಚಿದರು. ಅಜ್ಜಿ ಮಾತ್ರ ಫೋನ್ ಮಾಡಿ, "ಅಯ್ಯನೋರ ದನಿ ಕೇಳಸ್ತೈತಿ, ಮಂದಿ ದನೀನ ಕೇಳಸಂಗಿಲ್ಲಲ್ಲವ್ವ, ಅವರೊಬ್ಬರ ಅದಾರೇನು ಗುಡ್ಯಾಗ?" ಎಂದರು. ವೇದಿಕೆಯ ಮೈಕುಗಳಷ್ಟೇ ಮಿಕ್ಸರಿಗೆ ಜೋಡಣೆಯಾಗಿದ್ದುದರಿಂದ ಬೆಂಚುಗಳಲ್ಲಿ ನಿಂತು ಹಾಡುವ ಇಡೀ ಸಭೆ ಮನೆಯಲ್ಲಿ ಕುಳಿತವರಿಗೆ ಮೂಕವಾಗಿತ್ತು. ಮರುವಾರವೇ ನಮ್ಮ ಓಣಿಯ ಸೌಂಡ್ ಸಿಸ್ಟಮ್‌ನವರು, ಅವರು ಮುಸ್ಲಿಮ್ ಬಾಂಧವರು, ಏಣಿ ಹತ್ತಿ ಸಭೆಯ ನಡುವಿನ ತೊಲೆಗೆ ಇನ್ನೊಂದು ಮೈಕ್ ತೂಗುಹಾಕಿದರು, ಕೂಲಿ ಬೇಡವೆಂದರು. ಅವರ ಉಪಕಾರವನ್ನು ಸಭೆ ಮರೆಯುವುದಿಲ್ಲ.

ಹಗಲು-ರಾತ್ರಿ ಪಾಳಿಯ ನಡುವೆಯೂ ಜೊತೆಗೂಡಿದ ನಮ್ಮ ದಾದಿಯರಿಗೆ, ಬೆಂಗಳೂರು ಮತ್ತು ಪುಣೆಯಿಂದ ಕಾಣಿಕೆ ಕಳುಹಿಸಿದ ಮಕ್ಕಳಿಗೆ, ಕರೆಂಟ್ ಹೋದಾಗಲೆಲ್ಲ ಇನ್ವರ್ಟರ್ ಕೊಟ್ಟ ನೆರೆಮನೆಯವರಿಗೆ ಹೃತ್ಪೂರ್ವಕ ವಂದನೆಗಳು.

ಆ ಅಜ್ಜಿಗೆ ವಿಶೇಷ ವಂದನೆ. 2025ರ ಆ ಈಸ್ಟರ್ ದಿನ ಆರಾಧನೆ ಮುಗಿದ ಕೂಡಲೇ ಅವರ ಫೋನ್ ಬಂತು. ಗೀತೆಗಳನ್ನು ಮೆಚ್ಚಿಕೊಂಡು, ಎಡಗಡೆಯ ಮೂರನೆಯ ಬೆಂಚು ಇನ್ನೂ ಕಿರುಗುಟ್ಟುತ್ತದೆಯಲ್ಲ ಎಂದು ಕೇಳಿದರು. ಅದು ಅವರು ಕೂಡುತ್ತಿದ್ದ ಬೆಂಚು.