ಸ್ಪ್ರಿಂಟ್ ಪ್ಲಾನಲ್ಲಿ ಜಾಗ ಖಾಲಿ ಬಿಡಿ

ಸಂಪಾದಕರಿಗೆ ನಮಸ್ಕಾರ,

ಐಟಿಯವರ ದುಡಿಮೆ ದಿನಕ್ಕೆ 14 ಗಂಟೆವರೆಗೂ ಮಾಡ್ಬಹುದು ಅನ್ನೋ ಪ್ರಸ್ತಾಪ 2024ರಲ್ಲಿ ಬಂದಾಗ ಎಲ್ಲ ಕಡೆ ಗಂಟೆ ಲೆಕ್ಕದ್ದೇ ಮಾತು, ಆದ್ರೆ ನಾವು ಈಗಾಗ್ಲೇ ರಾತ್ರಿ ಹನ್ನೊಂದರ ತನಕ ಯಾಕೆ ಕೂತಿರ್ತೀವಿ ಅಂತ ಯಾರೂ ಕೇಳ್ಲಿಲ್ಲ. ನನಗೆ ಗೊತ್ತಿರೋ ಒಂದು ಕಾರಣ ಹೇಳ್ತೀನಿ.

ನಾನಿರೋದು ಸಾಫ್ಟ್‌ವೇರ್ ಕಾನ್ಫಿಗರೇಷನ್ ಟೀಮಲ್ಲಿ. ಬೇರೆಯವರು ಬರೆದ ಕೋಡನ್ನ ಮರ್ಜ್ ಮಾಡೋದು (ಒಟ್ಟಿಗೆ ಸೇರಿಸೋದು), ಬಿಲ್ಡ್ ಮಾಡೋದು (ಓಡೋ ಪ್ರೋಗ್ರಾಂ ಆಗಿ ಕಟ್ಟೋದು), ಯಾವ ವರ್ಷನ್ ಯಾವ ಸರ್ವರ್‌ಗೆ ಹೋಯ್ತು ಅಂತ ಲೆಕ್ಕ ಇಡೋದು, ರಿಲೀಸ್ ಮಾಡೋದು ನಮ್ಮ ಕೆಲಸ. ಐದು ಜನ, ಎರಡು ವಾರದ ಸ್ಪ್ರಿಂಟ್ (ಕೆಲಸ ಮೊದಲೇ ಹಂಚ್ಕೊಂಡು ಮುಗಿಸೋ ಒಂದು ಅವಧಿ), ಒಬ್ಬರ ಒಂದು ದಿನದ ಕೆಲಸ ಒಂದು ಮ್ಯಾನ್‌ಡೇ ಅಂತ ಹಿಡಿದ್ರೆ 50 ಮ್ಯಾನ್‌ಡೇ. ಪ್ಲಾನಿಂಗ್ ಮೀಟಿಂಗಲ್ಲಿ ಆ 50ನ್ನೂ ಭರ್ತಿ ಮಾಡಿಬಿಡ್ತಿದ್ರು. ಡೆವಲಪರ್‌ಗಳಿಗೆ ಅದು ಹೇಗೋ ನಡೆಯುತ್ತೆ, ಆದ್ರೆ ನಮಗೆ ಅರ್ಧ ಕೆಲಸ ಹೇಳದೆ ಕೇಳದೆ ಬರುತ್ತೆ. ಅದೂ ನಾಲ್ಕು ಟೀಮಿನ ಸ್ಪ್ರಿಂಟೂ ಒಂದೇ ಶುಕ್ರವಾರ ಮುಗಿಯೋದ್ರಿಂದ ಬುಧವಾರದ ತನಕ ತಣ್ಣಗಿದ್ದಿದ್ದು ಗುರುವಾರ ಮಧ್ಯಾಹ್ನ ಒಮ್ಮೆಲೇ ಮೈಮೇಲೆ ಬೀಳುತ್ತೆ.

ಅಂಥದ್ದೇ ಒಂದು ಗುರುವಾರ ಬಿಲ್ಡ್ ಸರ್ವರ್‌ನ ಸರ್ಟಿಫಿಕೇಟ್ (ಅದರ ಗುರುತು ಖಾತ್ರಿ ಮಾಡೋ ಡಿಜಿಟಲ್ ಪತ್ರ) ಎಕ್ಸ್‌ಪೈರ್ ಆಗಿ, ಬಿಲ್ಡ್‌ಗಳನ್ನ ತಾನಾಗೇ ನಡೆಸೋ ಜೆಂಕಿನ್ಸ್‌ನಲ್ಲಿ ಜಾಬ್‌ಗಳೆಲ್ಲ ಕೆಂಪು, ಅಂದ್ರೆ ಫೇಲ್, ಅದೇ ಹೊತ್ತಿಗೆ ಎರಡು ಟೀಮಿನವರು ಒಂದೇ ಕಾನ್ಫಿಗ್ (ಸೆಟ್ಟಿಂಗ್) ಫೈಲ್ ಬದಲಾಯಿಸಿ ಒಂದಕ್ಕೊಂದು ಹೊಂದದೆ ಕಾನ್‌ಫ್ಲಿಕ್ಟು, ಒಬ್ರು ಅದರಲ್ಲಿ ಟೆಸ್ಟ್ ಡೇಟಾಬೇಸ್ ಅಡ್ರೆಸ್ಸೇ ಬಿಟ್ಟಿದ್ರು. ಪಕ್ಕದ ಸೀಟಿನ ಹುಡುಗಿ ಮನೆಯಿಂದ ತಂದ ಊಟದ ಡಬ್ಬಿ ಸಂಜೆ ಆರಾದ್ರೂ ತೆಗೆದಿರ್ಲಿಲ್ಲ. ನನಗೆ ಹೊಟ್ಟೆ ಉರಿದಿದ್ದು ಯಾಕೆ ಅಂದ್ರೆ, ಸರ್ಟಿಫಿಕೇಟ್ ತಾನಾಗೇ ರಿನ್ಯೂ ಆಗೋ ಸ್ಕ್ರಿಪ್ಟ್ ಬರೆಯೋ ಕೆಲಸ ನಮ್ಮ ಪ್ಲಾನಲ್ಲೇ ಇತ್ತು, ಸತತ ನಾಲ್ಕು ಸ್ಪ್ರಿಂಟ್ ಮುಂದಕ್ಕೆ ಹೋಗಿತ್ತು.

ಆಮೇಲೆ ನಾವೇ ಬೋರ್ಡ್ ಮೇಲೆ ಗೀಟು ಹಾಕೋಕೆ ಶುರು ಮಾಡಿದ್ವಿ, ಪ್ಲಾನಲ್ಲಿ ಇಲ್ಲದ ಕೆಲಸಕ್ಕೆ ಅರ್ಧ ದಿನ ಹೋದ್ರೆ ಒಂದು ಗೀಟು. ಮೂರು ಸ್ಪ್ರಿಂಟ್ ಲೆಕ್ಕ ಹಾಕಿದ್ರೆ ಪ್ರತಿ ಸಲ ಹೆಚ್ಚುಕಮ್ಮಿ 20 ದಿನ ಅದಕ್ಕೇ ಹೋಗ್ತಿತ್ತು. ಈಗ ಪ್ಲಾನ್ ಮಾಡೋದು 30 ದಿನಕ್ಕೆ ಮಾತ್ರ, ಸರದಿ ಪ್ರಕಾರ ಇಬ್ಬರು ಬರೋ ರಿಕ್ವೆಸ್ಟ್ ನೋಡ್ಕೋತಾರೆ, ಉಳಿದ ಮೂವರನ್ನ ಯಾರೂ ಕರೆಯೋ ಹಾಗಿಲ್ಲ, ಸಮಯ ಮಿಕ್ಕಿದ್ರೆ ಬಾಕಿ ಕೆಲಸದ ಪಟ್ಟಿ ಬ್ಯಾಕ್‌ಲಾಗ್‌ನಿಂದ ಇನ್ನೊಂದು ಎತ್ಕೋತೀವಿ. ಆ ಸ್ಕ್ರಿಪ್ಟ್ ಮೊದಲ ಸ್ಪ್ರಿಂಟಲ್ಲೇ ಮುಗೀತು.

ಆದ್ರೂ ಮೇಲಿನವರ ಪ್ರಶ್ನೆ ಸ್ಟೋರಿ ಪಾಯಿಂಟ್ ಯಾಕೆ ಕಮ್ಮಿ ಆಯ್ತು, ಇನ್ನೊಂದು ಟೀಮ್ 60 ಮಾಡುತ್ತಲ್ಲ ಅಂತ. ಪಾಯಿಂಟ್ ಅನ್ನೋದು ಒಂದು ಟೀಮ್ ಕೆಲಸ ಎಷ್ಟು ದೊಡ್ಡದು ಅಂತ ತನಗೋಸ್ಕರ ಮಾಡ್ಕೊಂಡ ಅಂದಾಜು, ಅದನ್ನ ಇನ್ನೊಂದು ಟೀಮಿಗೆ ಹೋಲಿಸೋದು ತಪ್ಪು. ಸ್ಪ್ರಿಂಟ್ ಪದ್ಧತಿಯ ಕೈಪಿಡಿ ಸ್ಕ್ರಮ್ ಗೈಡಲ್ಲೂ 2011ರಲ್ಲೇ ಸ್ಪ್ರಿಂಟ್ ಕೆಲಸದ ವಿಚಾರದಲ್ಲಿ ಕಮಿಟ್‌ಮೆಂಟ್ (ಕೊಟ್ಟ ಮಾತು) ಅನ್ನೋ ಪದ ತೆಗೆದು ಫೋರ್‌ಕಾಸ್ಟ್ (ಮುನ್ನಂದಾಜು) ಅಂತ ಮಾಡಿದ್ರು, ನಮ್ಮಲ್ಲಿ ಇವತ್ತಿಗೂ "ಕಮಿಟ್ ಮಾಡಿದ್ರಲ್ಲ" ಅಂತಾನೇ ಕೇಳ್ತಾರೆ. ಸಾಫ್ಟ್‌ವೇರ್ ಕೆಲಸ ಹೇಗೆ ನಡೀಬೇಕು ಅಂತ ಹೇಳೋ ಅಜೈಲ್ ಪ್ರಣಾಳಿಕೆಯನ್ನ 2001ರಲ್ಲಿ ಬರೆದ 17 ಜನ, ಎಷ್ಟು ಕಾಲ ಆದ್ರೂ ಒಂದೇ ವೇಗದಲ್ಲಿ ನಡೆಸ್ಕೊಂಡು ಹೋಗೋಕಾಗ್ಬೇಕು ಅಂತ ಅದರ ತತ್ವಗಳಲ್ಲೇ ಸೇರಿಸಿದ್ದಾರೆ.

ಪಾಯಿಂಟ್ ಕೇಳೋ ಮ್ಯಾನೇಜರ್‌ಗಳು ಆ ಗೀಟುಗಳನ್ನೂ ಒಂದ್ಸಲ ಎಣಿಸಿ ನೋಡ್ಲಿ, ಜೊತೆಗೆ ಎಲ್ಲ ಟೀಮಿನ ಸ್ಪ್ರಿಂಟೂ ಒಂದೇ ಶುಕ್ರವಾರ ಮುಗಿಸೋದನ್ನ ಬಿಟ್ಟು ಎರಡು ಟೀಮಿನದ್ದಾದ್ರೂ ಮುಂದಿನ ವಾರಕ್ಕೆ ಹಾಕ್ಲಿ.

– ಕಾನ್ಫಿಗರೇಷನ್ ಟೀಮಿನ ಒಬ್ಬ ಓದುಗ, ಬೆಂಗಳೂರು