ಸಿಂಧುರಕ್ಷಕ್ ತನಿಖೆಯ ಸಾರಾಂಶವನ್ನು ಪ್ರಕಟಿಸಿ: ರಕ್ಷಣಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಾದ ಶ್ರೀ ರಾಜನಾಥ್ ಸಿಂಗ್ ಅವರಿಗೆ,

ಗೌರವಪೂರ್ವಕ ವಂದನೆಗಳು.

2013ರ ಆಗಸ್ಟ್ 13ರ ನಡುರಾತ್ರಿ ಕಳೆಯುತ್ತಿದ್ದಂತೆ ಮುಂಬೈಯ ನೌಕಾ ಡಾಕ್‌ಯಾರ್ಡ್‌ನಲ್ಲಿ ನಿಂತಿದ್ದ ಐಎನ್‌ಎಸ್ ಸಿಂಧುರಕ್ಷಕ್ ಜಲಾಂತರ್ಗಾಮಿಯೊಳಗೆ ಶಸ್ತ್ರಾಸ್ತ್ರಗಳು ಸ್ಫೋಟಿಸಿ, ಮೂವರು ಅಧಿಕಾರಿಗಳು ಮತ್ತು 15 ನಾವಿಕರು ಮೃತಪಟ್ಟರು. ಹಡಗು ಕಟ್ಟೆಯ ಪಕ್ಕದಲ್ಲೇ ಮುಳುಗಿತು. ಒಳಗಿನ ಶಾಖ ಎಷ್ಟಿತ್ತೆಂದರೆ ಉಕ್ಕೇ ಕರಗಿ ಸೊಟ್ಟಗಾಗಿತ್ತು; ಹೊರತೆಗೆದ ದೇಹಗಳನ್ನು ಗುರುತಿಸಲು ಡಿಎನ್‌ಎ ಪರೀಕ್ಷೆಯ ಮೊರೆಹೋಗಬೇಕಾಯಿತು.

ಆ ಹಡಗಿಗೆ ಅದು ಮೊದಲ ಅವಘಡವಾಗಿರಲಿಲ್ಲ. 2010ರಲ್ಲಿ ವಿಶಾಖಪಟ್ಟಣದಲ್ಲಿ ಅದರ ಬ್ಯಾಟರಿಯಿಂದ ಸೋರಿದ ಜಲಜನಕ ಹೊತ್ತಿಕೊಂಡು ಒಬ್ಬ ನಾವಿಕ ಸತ್ತಿದ್ದ. ಬಳಿಕ ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ಎರಡು ವರ್ಷಕ್ಕೂ ಮಿಕ್ಕಿ ದುರಸ್ತಿಗೊಂಡು ಹಿಂದಿರುಗಿದ ಕೆಲವೇ ತಿಂಗಳಲ್ಲಿ ಅದು ನಾಶವಾಯಿತು. 2014ರಲ್ಲಿ ಅದನ್ನು ಮೇಲೆತ್ತಲಾಯಿತು, 2017ರಲ್ಲಿ ಅರಬ್ಬಿ ಸಮುದ್ರದ ಆಳಕ್ಕೆ ಇಳಿಸಲಾಯಿತು. ಆದರೆ ಸ್ಫೋಟದ ಕಾರಣ ಹುಡುಕಲು ನೌಕಾಪಡೆ ನೇಮಿಸಿದ್ದ ತನಿಖಾ ಮಂಡಳಿಯ ಪೂರ್ಣ ವರದಿ ಇಂದಿಗೂ ಸಾರ್ವಜನಿಕರ ಕೈಸೇರಿಲ್ಲ.

ಸಿಡಿತಲೆಗಳ ಗುಟ್ಟನ್ನು ಯಾರೂ ಕೇಳುತ್ತಿಲ್ಲ, ಕೇಳಲೂ ಬಾರದು. ಆದರೆ ಸರ್ಕಾರದ ಲೆಕ್ಕ ಪರಿಶೋಧಿಸುವ ಮಹಾಲೇಖಪಾಲರು (ಸಿಎಜಿ) 2017ರಲ್ಲಿ ಸಂಸತ್ತಿಗೆ ಸಲ್ಲಿಸಿದ ವರದಿಯು ಇದೇ ತನಿಖೆಯನ್ನು ಆಧರಿಸಿ ಎರಡು ಮಾತು ಹೇಳಿದೆ: ಹಡಗಿನ ಕಾರ್ಯಕ್ರಮಕ್ಕೆ ಒಪ್ಪಿಗೆ ಕೊಡುವಾಗ ಸಿಬ್ಬಂದಿಯ ದಣಿವನ್ನು ಸರಿಯಾಗಿ ಅಂದಾಜಿಸಿರಲಿಲ್ಲ, ಹಡಗಿನಲ್ಲಿದ್ದ ಮದ್ದುಗುಂಡುಗಳ ಬಾಳಿಕೆಯ ಅವಧಿ ಮುಗಿಯುತ್ತ ಬಂದಿತ್ತು. ಇವು ಪ್ರಕಟವಾದುದರಿಂದ ದೇಶದ ಭದ್ರತೆಗೆ ಯಾವ ಕುಂದೂ ಬಂದಿಲ್ಲ. ಹಾಗಿರುವಾಗ, ದಣಿದವರಿಗೆ ಆ ರಾತ್ರಿಯ ಕೆಲಸವನ್ನು ಯಾವ ಹಂತದಲ್ಲಿ, ಯಾವ ಹುದ್ದೆಯ ಅಧಿಕಾರಿ ಒಪ್ಪಿಸಿದರು, ಆ ಬಳಿಕ ನಿಯಮಗಳಲ್ಲಿ ಏನು ಬದಲಾಯಿತು ಎಂಬುದನ್ನು ತಿಳಿಸಲು ಅಡ್ಡಿಯೇನು?

ಅದೇ ವರದಿಯ ಪ್ರಕಾರ 2007ರಿಂದ 2016ರ ನಡುವೆ ನೌಕಾಪಡೆಯಲ್ಲಿ 38 ಅವಘಡಗಳು ಸಂಭವಿಸಿದ್ದವು. 2014ರಲ್ಲಿ ನೌಕಾಪಡೆಯೇ ರಚಿಸಿಕೊಂಡ ಸುರಕ್ಷತಾ ವ್ಯವಸ್ಥೆಗೆ ಆ ವೇಳೆಗೂ ಸರ್ಕಾರದ ಮಂಜೂರಾತಿ ಸಿಕ್ಕಿರಲಿಲ್ಲ. ಅದೇ ವರ್ಷ ಸಿಂಧುರತ್ನ ಎಂಬ ಇನ್ನೊಂದು ಜಲಾಂತರ್ಗಾಮಿಯ ಬೆಂಕಿಯಲ್ಲಿ ಇಬ್ಬರು ಅಧಿಕಾರಿಗಳು ತೀರಿಕೊಂಡಾಗ ಆಗಿನ ನೌಕಾಪಡೆ ಮುಖ್ಯಸ್ಥ ಅಡ್ಮಿರಲ್ ಡಿ.ಕೆ. ಜೋಶಿಯವರು ಹೊಣೆ ಹೊತ್ತು ರಾಜೀನಾಮೆ ಕೊಟ್ಟರು. ಅದು ಅವರ ದೊಡ್ಡತನ. ಆದರೆ ಒಬ್ಬರ ರಾಜೀನಾಮೆಯು ತನಿಖೆಯ ಉತ್ತರಕ್ಕೆ ಬದಲಿಯಾಗಲಾರದು. ಆಮೇಲೂ, 2022ರಲ್ಲಿ ಮುಂಬೈಯಲ್ಲಿ ಐಎನ್‌ಎಸ್ ರಣವೀರ್ ಯುದ್ಧನೌಕೆಯೊಳಗೆ ಸ್ಫೋಟವಾಗಿ ಮೂವರು ಸತ್ತರು.

ನಾನು ಕಾರವಾರದವನು. ಇಲ್ಲಿನ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಹೊಲ, ಮನೆ, ಕಡಲತೀರ ಬಿಟ್ಟುಕೊಟ್ಟು ನಿರಾಶ್ರಿತರಾದವರ ನಡುವೆ ಬೆಳೆದವನು. 2019ರಲ್ಲಿ ಐಎನ್‌ಎಸ್ ವಿಕ್ರಮಾದಿತ್ಯ ವಿಮಾನವಾಹಕ ನೌಕೆ ಇದೇ ಬಂದರಿಗೆ ಬರುವಾಗ ಹೊತ್ತಿದ ಬೆಂಕಿಯನ್ನು ಆರಿಸಲು ಮುಂದಾಗಿದ್ದ ಯುವ ಅಧಿಕಾರಿಯೊಬ್ಬರು ಪ್ರಾಣ ಕಳೆದುಕೊಂಡರು. ಹೀಗಾಗಿ ನಮಗೆ ಇದು ದೂರದ ಸುದ್ದಿಯಲ್ಲ.

ಆದಕಾರಣ, ಗೋಪ್ಯವಾಗಿ ಉಳಿಯಬೇಕಾದ ಭಾಗಗಳನ್ನು ಬಿಟ್ಟು ಸಿಂಧುರಕ್ಷಕ್ ತನಿಖೆಯ ಸಾರಾಂಶವನ್ನು ಮೊದಲು ಆ 18 ಕುಟುಂಬಗಳಿಗೆ ಅವರವರ ಭಾಷೆಯಲ್ಲಿ ತಲುಪಿಸಿ, ಬಳಿಕ ಸಂಸತ್ತಿನಲ್ಲಿ ಮಂಡಿಸಬೇಕೆಂದು ಕೋರುತ್ತೇನೆ.

ತಮ್ಮ ವಿಶ್ವಾಸಿ,
ಕಾರವಾರದ ಒಬ್ಬ ನಾಗರಿಕ